ಭೀಮಶಾನ ನೆತ್ತರಿನ ಎಣಿಕೆ

೬ ಜನವರಿ ೧೯೫೪, ಬುಧವಾರ. ಶಹಾಬಾದ

ನಿನ್ನೆ ಎಳ್ಳಮಾವಾಸ್ಯೆ. ಅಮೃತಪ್ಪ ಸಾಹುಕಾರರು ತಾಲೀಮಿನ ಪೈಲವಾನರಿಗೆಲ್ಲ ತಮ್ಮ ಹೊಲದಲ್ಲಿ ಊಟ ಹಾಕಿಸಿದರು. ನನ್ನನ್ನೂ ಕರೆದಿದ್ದರು. ಕುಸ್ತಿ ಬಿಟ್ಟು ಏಳು ವರ್ಷವಾದರೂ ಕರೆಯುತ್ತಾರೆ, ಕನಿಕರದಿಂದ. ಜೋಳದ ಸಾಲುಗಳ ನಡುವೆ ಕುಂಟುತ್ತ ಹೋದೆ.

ಎಲ್ಲರ ಕಣ್ಣೂ ಭೀಮಶಾನ ಮೇಲೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಚರಿಗೆಯಂತೆ ಅವನ ಮುಖ ಕೆಂಪಾಗಿದೆ. ಕಿವಿಯ ತುದಿ ಕೂಡ. ಅವನಿಗೆ ಮೂವತ್ತನಾಲ್ಕು, ನನಗೂ ಅಷ್ಟೇ. ನನ್ನ ತಲೆ ಅರ್ಧ ಬೆಳ್ಳಗಾಗಿದೆ.

"ನೋಡ್ರೋ, ಇದಕ್ಕ ಅಂತಾರ ಖೂನ್, ನೆತ್ತರು!" ಎಂದು ಉಸ್ತಾದ್ ಬಾಬುಮಿಯಾ ಅವನ ಕೆನ್ನೆ ಹಿಂಡಿದರು. "ದೀಪಾವಳಿಗಿ ಹೆಂಗಿದ್ದ, ಈಗ ಹೆಂಗಾಗ್ಯಾನ! ಎರಡು ತಿಂಗಳಾಗ ಹತ್ತು ವರ್ಷ ಸಣ್ಣಾಂವ ಆಗ್ಯಾನ."

ಆಮೇಲೆ ತಮ್ಮ ಪಟಕಾ ಬಿಚ್ಚಿ ಅವನ ತಲೆಗೆ ಸುತ್ತಿದರು. ಫೆಬ್ರವರಿ ಇಪ್ಪತ್ತೆಂಟಕ್ಕೆ ವಾಡಿಯಲ್ಲಿ ದೊಡ್ಡ ಕುಸ್ತಿ. ಹೈದರಾಬಾದಿನ ಪೈಲವಾನನ ಎದುರು ನಮ್ಮೂರಿನಿಂದ ಇಳಿಯುವವನು ಭೀಮಶಾ.

ಆ ಪಟಕಾ ನನ್ನ ತಲೆಗೆ ಬರಬೇಕಿತ್ತು. ಪೊಲೀಸ್ ಕಾರ್ಯಾಚರಣೆಗೆ ಒಂದು ವರ್ಷ ಮುಂಚೆ, ತಾಲೀಮಿನ ಮಣ್ಣಿನಲ್ಲಿ, ಭೀಮಶಾ ನನ್ನ ಮೊಣಕಾಲು ಮುರಿದ. ಐದು ತಿಂಗಳು ಹೈದರಾಬಾದಿನ ಆಸ್ಪತ್ರೆಯಲ್ಲಿ ಬಿದ್ದಿದ್ದೆ. ಅಲ್ಲಿ ರಕ್ತ ಪರೀಕ್ಷಿಸುವ ಮುದುಕನೊಬ್ಬ ಹೊತ್ತು ಕಳೆಯಲೆಂದು ನನಗೂ ಆ ಕೆಲಸ ಕಲಿಸಿದ. ಈಗ ಕಲ್ಲಿನ ಕಾರ್ಖಾನೆಯ ದವಾಖಾನೆಯಲ್ಲಿ ಅದೇ ನನ್ನ ನೌಕರಿ. ಪೈಲವಾನ ನಾಗೇಂದ್ರಪ್ಪ ಹೋಗಿ ರಕ್ತದ ನಾಗೇಂದ್ರಪ್ಪ ಆದೆ.

ಯಾರೂ ಓದದ ವಹಿ ಇದು. ಇಲ್ಲಾದರೂ ಹೇಳುತ್ತೇನೆ: ನಿನ್ನೆ ಒಂದೇ ಕಡುಬು ತಿಂದೆ. ಉಳಿದದ್ದನ್ನು ಕಾಗೆಗಳಿಗೆ ಎಸೆದೆ.

೧೬ ಜನವರಿ, ಶನಿವಾರ

ಮನೆಗೆ ಬಂದಾಗ ಹೆಂಡತಿ ಸೂಗಮ್ಮ ಹೇಳಿದಳು: "ಭೀಮಶಾ ಅಣ್ಣ ಬಂದಿದ್ರು. ಬಾಗಿಲದಾಗ ಬಗ್ಗಿ ಬರಬೇಕಾಯ್ತು ನೋಡ್ರಿ."

"ಬಾಗಿಲಾ ಮೊದಲಿಂದ ಗಿಡ್ಡ ಅದ."

"ಬಾಗಿಲಾ ಇದ್ದಷ್ಟೇ ಅದರಿ. ಅಣ್ಣ ಬೆಳದಾರ."

ನನ್ನ ಹೆಂಡತಿ ಅವನಿಗೆ ಎರಡು ರೊಟ್ಟಿ ಹೆಚ್ಚು ಬಡಿದಿದ್ದಾಳೆ. ಇಂದು ಊಟ ಬೇಡವೆಂದೆ. ಆಮೇಲೆ ಹಸಿವಾಗಿ ಚುರುಮುರಿ ತಿಂದೆ.

೨೫ ಜನವರಿ, ಸೋಮವಾರ

ಇಂದು ಭೀಮಶಾ ದವಾಖಾನೆಗೆ ಬಂದ. ಬೆಳಿಗ್ಗೆ ಎದ್ದರೆ ತಲೆ ಸಿಡಿಯುತ್ತದಂತೆ, ಸ್ನಾನವಾದ ಮೇಲೆ ಮೈಯೆಲ್ಲ ತುರಿಕೆಯಂತೆ, ಒಮ್ಮೆ ಮೂಗಿನಿಂದ ನೆತ್ತರು ಬಂತಂತೆ. ನಮ್ಮ ಡಾಕ್ಟರಮ್ಮ ರಶೀದಾಬೇಗಂ ಅವನ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಎಣಿಸಲು ಚೀಟಿ ಬರೆದು ನನ್ನ ಮೇಜಿಗೆ ಕಳಿಸಿದರು.

"ಏನ್ ನಾಗ್ಯಾ, ನನ್ನ ಬೆರಳ ನಿನ್ನ ಕೈಯಾಗ ಸಿಕ್ತು ನೋಡು," ಎಂದು ನಕ್ಕು ಬೆರಳು ಚಾಚಿದ. ಚುಚ್ಚಿದೆ. ಬೇಕಾದುದಕ್ಕಿಂತ ತುಸು ಆಳವಾಗಿಯೇ ಚುಚ್ಚಿದೆ.

ಎಣಿಸುವ ಕ್ರಮ ಹೀಗೆ. ಗಾಜಿನ ನಳಿಗೆಯಲ್ಲಿ ಗುರುತಿನವರೆಗೆ ರಕ್ತ ಎಳೆದು, ಔಷಧದ ನೀರಿನಲ್ಲಿ ಇನ್ನೂರು ಪಟ್ಟು ತೆಳುವಾಗಿಸಿ, ಗೆರೆ ಕೊರೆದ ಗಾಜಿನ ಮೇಲೆ ಒಂದು ಹನಿ ಬಿಡಬೇಕು. ಸೂಕ್ಷ್ಮದರ್ಶಕದಲ್ಲಿ ಅದು ಸಣ್ಣ ಸಣ್ಣ ಚೌಕದ ಮನೆಗಳಾಗಿ ಕಾಣುತ್ತದೆ. ಎಂಬತ್ತು ಮನೆಗಳಲ್ಲಿರುವ ಕೆಂಪು ಕಣ ಎಣಿಸಬೇಕು. ಮೇಲಿನ ಗೆರೆ, ಎಡಗೆರೆ ಮುಟ್ಟಿದ ಕಣ ಲೆಕ್ಕಕ್ಕೆ ಬರುತ್ತದೆ. ಕೆಳಗೆರೆ, ಬಲಗೆರೆ ಮುಟ್ಟಿದ್ದು ನೆರೆಮನೆಯದು, ಅದನ್ನು ಬಿಡಬೇಕು. ಗಟ್ಟಿ ಆಳಿನ ಎಂಬತ್ತು ಮನೆಗಳಲ್ಲಿ ಐನೂರು ಕಣ ಸಿಗುತ್ತವೆ. ನಮ್ಮ ಫರಸಿ ಕಲ್ಲು ಒಡೆಯುವವರಲ್ಲಿ ಮುನ್ನೂರು ದಾಟಿದರೆ ಹೆಚ್ಚು. ದಿನಬೆಳಗಾದರೆ ರಕ್ತ ಕಡಿಮೆಯಾದವರೇ ಬರುತ್ತಾರೆ. ಡಾಕ್ಟರಮ್ಮ ಕಬ್ಬಿಣದ ಔಷಧಿ ಕೊಡುತ್ತಾರೆ. ರಕ್ತ ಹೆಚ್ಚಾಯಿತೆಂದು ಅತ್ತವನನ್ನು ನಾನು ಈವರೆಗೆ ಕಂಡಿಲ್ಲ.

ಭೀಮಶಾನ ಮನೆಗಳಲ್ಲಿ ಕಾಲಿಡಲು ಜಾಗವಿಲ್ಲ. ಏಳುನೂರ ಮೂವತ್ತೊಂದು. ನಂಬದೆ ಇನ್ನೊಂದು ಹನಿ ಹಾಕಿದೆ. ಏಳುನೂರ ನಲವತ್ತನಾಲ್ಕು.

ಬಾಗಿಲು ಮುಂದೆ ಮಾಡಿ ನನ್ನ ಬೆರಳನ್ನೂ ಚುಚ್ಚಿಕೊಂಡು ಎಣಿಸಿದೆ. ನಾನೂರ ಒಂಬತ್ತು.

ದೇವರು ಕೊಡುವಾಗ ಹೀಗೆ ಕೊಡುತ್ತಾನೆ. ಮೈಕಟ್ಟು, ಪಟಕಾ, ಊರಿನ ಕಣ್ಣು, ಈಗ ನೆತ್ತರೂ ಒಂದೂವರೆ ಪಟ್ಟು. ನಾಳೆ ತಾಲೀಮಿನ ಕಟ್ಟೆಯ ಮೇಲೆ ಕುಳಿತು ಹೇಳುತ್ತಾನೆ, 'ಖುದ್ದು ನಾಗ್ಯಾನೇ ಎಣಿಸ್ಯಾನ, ನನ್ನಷ್ಟು ರಕ್ತ ಈ ಸೀಮಿಯಾಗ ಯಾರಿಗೂ ಇಲ್ಲ' ಎಂದು. ಆ ಮಾತು ನನ್ನ ಕಿವಿಗೆ ಬೀಳುವುದು ಬೇಡವಾಗಿತ್ತು.

ಚೀಟಿಯ ಮೇಲೆ ನಾನೂರ ಎಂಬತ್ತೊಂದು ಎಂದು ಬರೆದೆ.

ಡಾಕ್ಟರಮ್ಮ ಚೀಟಿ ನೋಡಿದರು, ಅವನ ಮುಖ ನೋಡಿದರು. "ಅರೆ, ಇಷ್ಟು ಲಾಲ್ ಅದಾನ. ಬರಾಬರ್ ಎಣಿಸೀರಿ?"

"ಎರಡು ಸಲ ಎಣಿಸೀನ್ರಿ."

ಅದು ಸುಳ್ಳಲ್ಲ. ಎರಡು ಸಲ ಎಣಿಸಿದ್ದೆ. ತಲೆನೋವಿನ ಗುಳಿಗೆ ಕೊಟ್ಟು ಅವನನ್ನು ಕಳಿಸಿದರು.

೨೬ ಜನವರಿ, ಮಂಗಳವಾರ

ದವಾಖಾನೆಗೆ ರಜೆ. ಕಾರ್ಖಾನೆಯಲ್ಲಿ ಬಾವುಟ ಹಾರಿಸಿ ಬೂಂದಿ ಹಂಚಿದರು. ಬಹಳ ದಿನಗಳ ಮೇಲೆ ಚೆನ್ನಾಗಿ ಊಟ ಸೇರಿತು.

೯ ಫೆಬ್ರವರಿ, ಮಂಗಳವಾರ

ಗುಟ್ಟು ಸಿಕ್ಕಿತು!

ಉಸ್ತಾದರ ಮೊಣಕೈಗೆ ಮುಲಾಮು ಕೊಡಲೆಂದು ತಾಲೀಮಿಗೆ ಹೋಗಿದ್ದೆ. ಹಿಂದಿನ ಗೋಡೆಯ ಬುಡದಲ್ಲಿ ಒಡೆದ ಔಷಧದ ಸಣ್ಣ ಸೀಸೆಗಳು, ಹನ್ನೆರಡೋ ಹದಿಮೂರೋ. ಒಳಗೆ ಎಣ್ಣೆಯಂಥ ಜಿಡ್ಡು. ಒಂದರ ಮೇಲಿನ ಇಂಗ್ಲಿಷ್ ಅಕ್ಷರ ಕೂಡಿಸಿ ಓದಿದೆ: ಟೆಸ್ಟೊಸ್ಟೆರಾನ್. ಭೀಮಶಾನನ್ನೇ ಕೇಳಿದೆ. ಅವನಿಗೆ ಮುಚ್ಚಿಡಲು ಬರುವುದಿಲ್ಲ.

"ಸಾಹುಕಾರ್ರು ಹೈದರಾಬಾದಲಿಂದ ತರಸ್ತಾರ. ವಾರಕ್ಕ ಮೂರು ಸಲ ಕುಂಡಿಗಿ ಸೂಜಿ. ಗಂಡಸಿನ ಸತ್ವ ಅಂತ, ಎಣ್ಣ್ಯಾಗ ಕರಗಿಸ್ಯಾರಂತ. ಮುದುಕರಿಗಿ ಕೊಡ್ತಾರಂತ ಖರೇ, ಆದರ ನಮ್ಮಂಥೋರಿಗಿ ಕೊಟ್ರ ಹೋರಿ ಆಗ್ತೀವಂತ."

"ಉಸ್ತಾದರಿಗಿ ಗೊತ್ತದ?"

"ಹೇಳಬ್ಯಾಡಲೇ ನಾಗ್ಯಾ. ಅವ್ರಿಗಿ ಬದಾಮಿ, ಹಾಲು, ತುಪ್ಪ ಬಿಟ್ಟು ಎಲ್ಲಾನೂ ಹರಾಮ."

ದಾರಿಯುದ್ದಕ್ಕೂ ಕಾಲಿನ ನೋವೇ ಗೊತ್ತಾಗಲಿಲ್ಲ. ಅಂದರೆ ಆ ಕೆಂಪು ಅವನದಲ್ಲ, ಸೀಸೆಯದು. ಮನೆಯ ಹತ್ತಿರ ಬಂದಾಗ ಇನ್ನೊಂದು ಯೋಚನೆ ಬಂತು. ನನಗೇಕೆ ಯಾರೂ ಆ ಸೂಜಿ ಕೊಡಲಿಲ್ಲ?

೧೧ ಫೆಬ್ರವರಿ, ಗುರುವಾರ

ಉಸ್ತಾದರಿಗೆ ಹೇಳಿಬಿಟ್ಟೆ. ಪಟಕಾ ಕಿತ್ತುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಬಾಯಲ್ಲಿನ ಎಲೆ ಉಗುಳಿ ಹೇಳಿದರು:

"ಸೂಜಿಲಿಂದ ಪೈಲವಾನ್ರು ಹುಟ್ಟತಿದ್ರ ದವಾಖಾನಿಗೇ ತಾಲೀಮ್ ಅಂತಿದ್ರಲ್ಲೋ ಬೇಟಾ. ಹುಡುಗ ಜೋರ್ ತೆಗೀಲಿಕತ್ತಾನ, ಬೆವರು ಸುರಸಲಿಕತ್ತಾನ, ಅದು ಕಾಣಲ್ಲೇನು ನಿನಗ? ಏಳು ವರ್ಷಾಯ್ತು. ನಿನ್ನ ಕಾಲು ಕೂಡ್ತು, ಹೊಟ್ಟಿಕಿಚ್ಚು ಇನ್ನಾ ಆರಿಲ್ಲ."

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಭೀಮಶಾ ಮಾತ್ರ ನಗಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು.

೨೬ ಫೆಬ್ರವರಿ, ಶುಕ್ರವಾರ

ಇಂದು ಮಧ್ಯಾಹ್ನ ರೋಗಿಗಳಿರಲಿಲ್ಲ. ಡಾಕ್ಟರಮ್ಮ ಚಹಾ ಕುಡಿಯುತ್ತಿದ್ದರು. ಸುಮ್ಮನೆ ಕೇಳಿದೆ, ಒಬ್ಬ ಮನುಷ್ಯನಿಗೆ ಏಳುನೂರರಷ್ಟು ಎಣಿಕೆ ಬಂದರೆ ಅವನು ಎಷ್ಟು ಬಲಶಾಲಿ ಎಂದು.

"ಬಲಶಾಲಿ?" ಎಂದು ನಕ್ಕರು. "ನಾಗೇಂದ್ರಪ್ಪ, ಕಾಗಿಣಾ ಹೊಳಿಯಾಗ ನೀರು ಕಡಿಮಿ ಆಗಿ ರಾಡಿ ಹೆಚ್ಚಾದ್ರ ಹೊಳಿ ಹರೀತದೇನು? ಖೂನ್ ದಪ್ಪ ಆಗ್ತದ. ತಲಿ ನೋಯ್ತದ, ಮೈ ಕೆರೀತದ, ಮೂಗಿನಾಗ ನೆತ್ತರು ಬರ್ತದ. ಒಂದಿನ ಮಿದುಳಿನಾಗ ಗಡ್ಡೆ ಕಟ್ಟಿದ್ರ ಮುಗೀತು. ಅರ್ಧ ಮೈ ಹೋಗ್ತದ, ಇಲ್ಲಾ ಪೂರಾ ಜೀವ."

ತಲೆ, ತುರಿಕೆ, ಮೂಗು. ಭೀಮಶಾ ಹೇಳಿದ್ದನ್ನೇ ಅದೇ ಕ್ರಮದಲ್ಲಿ ಹೇಳಿದರು.

"ಗಂಡಸಿನ ಸತ್ವದ ಸೂಜಿ ಮಾಡಿದ್ರ ಹಂಗ ಆಗ್ತದೇನ್ರಿ?"

"ಆಗ್ತದ. ಎಲುಬಿನೊಳಗ ಖೂನ್ ಹುಟ್ಟೋ ಜಾಗಾಕ್ಕ ಅದು ಚಾಬೂಕ್ ಹೊಡದಂಗ. ಯಾಕ, ಯಾರಿಗಿ?"

"ಸುಮ್ಮನ ಕೇಳಿದೆ ರೀ," ಎಂದೆ.

ಉಸ್ತಾದರ ಪದ್ಧತಿ ನನಗೆ ಗೊತ್ತು. ಕುಸ್ತಿಯ ದಿನ ಬೆಳಗಿನಿಂದ ಅಖಾಡಕ್ಕಿಳಿಯುವವರೆಗೆ ಹನಿ ನೀರು ಕೊಡುವುದಿಲ್ಲ. ನೀರು ಕುಡಿದ ಹೊಟ್ಟೆ ಭಾರ ಎನ್ನುತ್ತಾರೆ. ನಾಡಿದ್ದು ಇಪ್ಪತ್ತೆಂಟು. ವಾಡಿಯ ಬಿಸಿಲು. ಇದ್ದ ನೀರೂ ಬೆವರಾಗಿ ಹೋಗುತ್ತದೆ.

ಹೇಳಿದರೆ ನೌಕರಿ ಹೋಗುತ್ತದೆ. ಹೇಳದಿದ್ದರೆ ಅವನು ಗೆದ್ದು ಬಂದರೂ ಬಂದಾನು, ಮೆರವಣಿಗೆಯಲ್ಲಿ. ಇಷ್ಟರಲ್ಲೂ ನನಗೆ ಆ ಮೆರವಣಿಗೆಯೇ ಮೊದಲು ಕಂಡಿತು.

೨೭ ಫೆಬ್ರವರಿ, ಶನಿವಾರ

ಬೆಳಿಗ್ಗೆ ತಾಲೀಮಿಗೆ ಹೋದೆ. ಭೀಮಶಾ ದಂಡ ಹೊಡೆಯುತ್ತಿದ್ದ. ಕಣ್ಣಿನ ಬಿಳಿಯೂ ಕೆಂಪಾಗಿತ್ತು.

"ನಾಳಿ ಇಳೀಬ್ಯಾಡ. ನಿನ್ನ ರಕ್ತ ದಪ್ಪ ಆಗ್ಯಾದ. ಜೀವಕ್ಕ ಅಪಾಯ ಅದ."

ಅವನು ಬೆವರು ಒರೆಸಿಕೊಂಡ. "ನೀನೇ ಎಣಿಸೀದಿ, ಬರಾಬರ್ ಅದ ಅಂತ ಡಾಕ್ಟರಮ್ಮ ಹೇಳ್ಯಾರಲ್ಲ."

ಅಷ್ಟರಲ್ಲಿ ಉಸ್ತಾದರು ಬಂದು ಬಾಗಿಲು ತೋರಿಸಿದರು. "ಹೋಗು ನಾಗೇಂದ್ರ. ಕುಸ್ತಿ ನಾಳಿ ಇಟಗೊಂಡು ಹುಡುಗನ ಎದಿ ಒಡೀಲಾಕ ಬಂದೀದಿ. ನಾಚಿಕಿ ಆಗಲ್ಲೇನು?"

ನಾನು ನಿಜ ಹೇಳಿದರೂ ಅದು ಹೊಟ್ಟೆಕಿಚ್ಚಿನಂತೆಯೇ ಕೇಳಿಸುತ್ತದೆ. ಏಳು ವರ್ಷ ನಾನೇ ದುಡಿದು ಸಂಪಾದಿಸಿದ ಹೆಸರು. ಸುಳ್ಳು ಬರೆದದ್ದನ್ನು ಹೇಳದೆ ನನ್ನ ನಿಜಕ್ಕೆ ಬೆಲೆ ಬರುವುದಿಲ್ಲ ಎಂದು ದಾರಿಯಲ್ಲಿ ಅರ್ಥವಾಯಿತು. ಕುಂಟುವ ಕಾಲಿಗೆ ದವಾಖಾನೆಯ ದಾರಿ ಅಷ್ಟು ಉದ್ದವಾದದ್ದು ಇದೇ ಮೊದಲು.

ಡಾಕ್ಟರಮ್ಮನ ಮುಂದೆ ನಿಂತು ಹೇಳಿದೆ. ಏಳುನೂರ ನಲವತ್ತನಾಲ್ಕನ್ನು ನಾನೂರ ಎಂಬತ್ತೊಂದು ಎಂದು ಬರೆದೆ. ತಪ್ಪಾಗಿ ಅಲ್ಲ, ಬೇಕೆಂದೇ.

ಅವರು ಬಯ್ಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು. "ನಿಮ್ಮ ಕಣ್ಣಿಲೆ ನಾನು ನೋಡತೀನಿ, ನಾಗೇಂದ್ರಪ್ಪ. ನಾ ಅವನಿಗಿ ತಲಿನೋವಿನ ಗುಳಗಿ ಕೊಟ್ಟು ಕಳಿಸೀನಿ." ಆಮೇಲೆ ಎದ್ದರು. "ನೌಕರಿ ಮಾತು ಆಮ್ಯಾಲ. ಮೊದಲ ಅವನಿಗಿ ಕರೀರಿ. ನಾ ಕರದೀನಂತ ಹೇಳಿ ಜವಾನಗ ಕಳಸ್ರಿ. ನೀವು ಹೋದ್ರ ಬರಂಗಿಲ್ಲ."

ಭೀಮಶಾ ಬಂದ. ಡಾಕ್ಟರಮ್ಮ ಅವನ ತೋಳಿನಿಂದಲೂ ನನ್ನ ತೋಳಿನಿಂದಲೂ ರಕ್ತ ತೆಗೆದು, ಹೆಪ್ಪುಗಟ್ಟದಂತೆ ಔಷಧಿ ಬೆರೆಸಿ, ಎರಡು ಉದ್ದನೆಯ ಗಾಜಿನ ನಳಿಗೆಗಳಲ್ಲಿ ತುಂಬಿ ಕಿಟಕಿಯಲ್ಲಿ ನಿಲ್ಲಿಸಿದರು. ಸಂಜೆ ಐದಕ್ಕೆ ಉಸ್ತಾದರು ಸಿಟ್ಟಿನಿಂದ ಬಂದರು. ಪೈಲವಾನನನ್ನು ಕುಸ್ತಿಯ ಮುಂಚಿನ ದಿನ ಚುಚ್ಚಿದ್ದಾರೆಂದು. ಡಾಕ್ಟರಮ್ಮ ಮಾತಾಡದೆ ಕಿಟಕಿ ತೋರಿಸಿದರು.

ನನ್ನ ನಳಿಗೆಯಲ್ಲಿ ರಕ್ತ ಕೆಳಗೆ ಇಳಿದು, ಮೇಲೆ ಅರ್ಧದವರೆಗೆ ತಿಳಿಹಳದಿ ನೀರು ನಿಂತಿತ್ತು. ಭೀಮಶಾನದರಲ್ಲಿ ತುದಿಯಲ್ಲಿ ಒಂದು ಉಗುರಿನಷ್ಟು ನೀರು. ಉಳಿದದ್ದೆಲ್ಲ ಕಪ್ಪುಗೆಂಪು.

ಉಸ್ತಾದರು ಬಗ್ಗಿ ನೋಡಿದರು. ಎರಡು ಬೆರಳಿನ ನಡುವೆ ಏನನ್ನೋ ಉಜ್ಜುವಂತೆ ಮಾಡಿದರು. ಅಖಾಡದ ಮಣ್ಣು ಹದವಾಗಿದೆಯೇ ಎಂದು ನೋಡುವಾಗ ಹಾಗೆ ಮಾಡುತ್ತಾರೆ. ನಲವತ್ತು ವರ್ಷ ಕೆಮ್ಮಣ್ಣಿಗೆ ಮಜ್ಜಿಗೆ, ಎಣ್ಣೆ ಸುರಿದು ಕಲಸಿದ ಕೈ ಅದು.

"ಮಜ್ಜಿಗಿ ಕಡಿಮಿ ಬಿದ್ದಾದ," ಎಂದರು ಮೆಲ್ಲಗೆ. "ಇಂಥಾ ಮಣ್ಣು ಹೆಂಟಿ ಕಟ್ಟತದ. ಇದರ ಮ್ಯಾಲ ಯಾರಿಗೂ ಆಡಸಬಾರದು."

ಭೀಮಶಾನ ತಲೆಯಿಂದ ತಾವೇ ಪಟಕಾ ತೆಗೆದು, ಮಡಚಿ, ಬಗಲಲ್ಲಿ ಇಟ್ಟುಕೊಂಡರು. ಎಷ್ಟು ದಿನದಿಂದ ಆ ಗಳಿಗೆಗೆ ಕಾದಿದ್ದೆ. ನಾನು ಕಿಟಕಿಯ ಹೊರಗೆ ನೋಡುತ್ತ ನಿಂತೆ.

೨೮ ಫೆಬ್ರವರಿ, ಭಾನುವಾರ

ಕುಸ್ತಿಯ ಹೊತ್ತಿಗೆ ಭೀಮಶಾ ದವಾಖಾನೆಯ ಬೆಂಚಿನ ಮೇಲೆ ಮಲಗಿದ್ದ. ಡಾಕ್ಟರಮ್ಮ ದಪ್ಪ ಸೂಜಿ ಹಾಕಿ ಒಂದು ಬಾಟಲಿ ರಕ್ತ ಹೊರಗೆ ಬಿಟ್ಟರು. ಅದು ಬೆಲ್ಲದ ಪಾಕದಂತೆ ಸಾವಕಾಶ ಇಳಿಯಿತು. ಇಷ್ಟು ದೊಡ್ಡ ಗಂಡಾಳು ಸೂಜಿ ನೋಡಲಾರದೆ ಗೋಡೆಯ ಕಡೆ ಮುಖ ತಿರುಗಿಸಿ ನನ್ನ ಕೈ ಹಿಡಿದ. ನನ್ನ ಬೆರಳು ನೀಲಿಗಟ್ಟಿದವು. ಬಿಡು ಎನ್ನಲಿಲ್ಲ.

೧ ಮಾರ್ಚ್, ಸೋಮವಾರ

ವಾಡಿಯಲ್ಲಿ ಹೈದರಾಬಾದಿನವನಿಗೆ ಎದುರಾಳಿಯಿಲ್ಲದೆ ಬೆಳ್ಳಿಯ ಕಡಗ ಕೊಟ್ಟರಂತೆ. ಚಹಾದ ಅಂಗಡಿಯಲ್ಲಿ ನನ್ನ ಬೆನ್ನ ಹಿಂದೆ ಯಾರೋ ಅಂದರು, "ಆ ಕುಂಟ ಕೊನಿಗೂ ಸೇಡು ತೀರಿಸಿಕೊಂಡ." ತಿರುಗಿ ನೋಡಲಿಲ್ಲ.

೮ ಮಾರ್ಚ್, ಸೋಮವಾರ

ಇಂದು ಎರಡನೆಯ ಬಾಟಲಿ. ಎಣಿಕೆ ಆರುನೂರ ಅರವತ್ತೆಂಟು. ಈಗ ನಾನು ಎಣಿಸಿದ್ದನ್ನೆಲ್ಲ ಡಾಕ್ಟರಮ್ಮ ಕೂಡ ಒಮ್ಮೆ ಎಣಿಸುತ್ತಾರೆ. ಪಕ್ಕದಲ್ಲಿ ನಿಂತು ಕಾಯುತ್ತೇನೆ. ಅವನ ಎಣಿಕೆ ಐನೂರ ಐವತ್ತಕ್ಕೆ ಇಳಿದ ದಿನ ನನ್ನ ನೌಕರಿಯ ಮಾತು ಎಂದಿದ್ದಾರೆ. ಸುಳ್ಳು ಚೀಟಿಯ ವಿಷಯ ಭೀಮಶಾನಿಗೆ ನಾನೇ ಹೇಳಬೇಕು, ಅವರು ಹೇಳುವುದಿಲ್ಲವಂತೆ.

ಹೇಳಿದೆ. ಅವನು ಛಾವಣಿ ನೋಡುತ್ತ ಮಲಗಿದ್ದ. ಬಾಟಲಿ ತುಂಬಿದ ಮೇಲೆ ಕೇಳಿದ:

"ಖರೇ ಎಷ್ಟಿತ್ತು?"

"ಏಳುನೂರಾ ನಲವತ್ತನಾಕು."

"ನಿಂದೆಷ್ಟದ?"

"ನಾನೂರಾ ಒಂಬತ್ತು."

ಅವನ ಮೀಸೆ ಅಲುಗಿತು. "ಹಂಗಾದ್ರ ಇದರಾಗೂ ನಾನೇ ಗೆದ್ದೆ ನೋಡಲೇ ನಾಗ್ಯಾ."

ಈ ಮಾತು ಕೇಳಬಾರದೆಂದೇ ಅಂದು ಸುಳ್ಳು ಬರೆದದ್ದು. ಇಂದು ಕೇಳಿದೆ. ಅವನು ಹೋಗುವಾಗ ನನ್ನ ಕಡೆ ನೋಡದೆ ಹೋದ.

೨೨ ಮಾರ್ಚ್, ಸೋಮವಾರ

ಐನೂರ ತೊಂಬತ್ತು. ಮೂರನೆಯ ಬಾಟಲಿ. ಮೂಗಿನ ನೆತ್ತರು ನಿಂತಿದೆ, ತಲೆನೋವಿಲ್ಲವಂತೆ. ಮುಖದ ತಾಮ್ರ ಹೋಗಿ ಹಳೆಯ ಕಂದು ಬಣ್ಣ ಬರುತ್ತಿದೆ. ಸೂಜಿ ಬಿಟ್ಟದ್ದರಿಂದ ತೋಳು ಕೂಡ ಸಣ್ಣಗಾಗಿದೆ. ಇನ್ನು ಕುಸ್ತಿ ಇಲ್ಲ ಎಂದು ಡಾಕ್ಟರಮ್ಮ ಹೇಳಿದಾಗ ಅವನು ತಲೆಯಾಡಿಸಿದ, ಅಷ್ಟೇ.

ನನ್ನ ಮೊಣಕಾಲಿನ ದಿನ ನೆನಪಾಯಿತು. ಅವನು ಕಾಲಿಗೆ ಪಟ್ಟು ಹಾಕಿದ್ದ. "ಬಿಡು ಅನ್ನು, ಬಿಡ್ತೀನಿ" ಎಂದು ಎರಡು ಸಲ ಹೇಳಿದ. ಉಸ್ತಾದರು ನೋಡುತ್ತಿದ್ದರು. ನಾನು ಅನ್ನಲಿಲ್ಲ. ಇದನ್ನು ಈ ವಹಿಯಲ್ಲಿ ಹಿಂದೆ ಎಲ್ಲಿಯಾದರೂ ಬರೆದಿದ್ದೇನೆಯೇ ಎಂದು ಹುಡುಕಿದೆ. ಇಲ್ಲ.

೫ ಏಪ್ರಿಲ್, ಸೋಮವಾರ

ನಿನ್ನೆ ಯುಗಾದಿ. ಇಂದು ಭೀಮಶಾ ಹೊಳೆಯ ಮರಳಿನಲ್ಲಿ ತಾನೇ ಬೆಳೆದ ಎರಡು ಕಲ್ಲಂಗಡಿ ತಂದಿದ್ದ. ದೊಡ್ಡದನ್ನು ಡಾಕ್ಟರಮ್ಮನಿಗೆ ಕೊಟ್ಟ, ಸಣ್ಣದನ್ನು ನನಗೆ. ಡಾಕ್ಟರಮ್ಮ ಹೊಸಬರು, ನಾನು ಇಪ್ಪತ್ತು ವರ್ಷದ ಗೆಳೆಯ. ಕೊಡುವಾಗ ಅಷ್ಟೂ ತಿಳಿಯಬಾರದೇ? ಜವಾನನ ಜೊತೆ ಒಂದು ತಾಸು ನಗುತ್ತ ಕುಳಿತಿದ್ದ. ನನ್ನ ಮೇಜಿನ ಹತ್ತಿರ ಬಂದದ್ದು ಕೊನೆಗೆ.

ಎಣಿಸಿದೆ. ಐನೂರ ನಲವತ್ತೊಂದು. ನಂಬದೆ ಮತ್ತೊಮ್ಮೆ, ಆಮೇಲೆ ಇನ್ನೊಮ್ಮೆ. ಡಾಕ್ಟರಮ್ಮ ತಾವು ಎಣಿಸಲಿಲ್ಲ. ನನ್ನ ಚೀಟಿ ಓದಿ, ಕೆಳಗೆ ಸಹಿ ಹಾಕಿ, "ನಾಳಿ ಎಂಟಕ್ಕ ಬರ್ರಿ, ಅಡಕಿ ಊರಲಿಂದ ಹದಿನಾಲ್ಕು ಮಂದಿ ಬರ್ತಾರ ರಕ್ತ ಎಣಿಸಲಾಕ" ಎಂದರು. ನೌಕರಿಯ ಮಾತು ಅಷ್ಟಕ್ಕೇ ಮುಗಿಯಿತು.

ಆದರೂ ಕೊನೆಯದೊಂದು ಬಾಟಲಿ ತೆಗೆಯೋಣ ಎಂದರು. ಭೀಮಶಾ ಬೆಂಚಿನ ಮೇಲೆ ಮಲಗಿ, ಗೋಡೆಯ ಕಡೆ ಮುಖ ತಿರುಗಿಸಿ, ನೋಡದೆಯೇ ಕೈ ಚಾಚಿ ನನ್ನ ಕೈ ಹುಡುಕಿದ. ಕೊಟ್ಟೆ. ಮೈ ಇಳಿದರೂ ಹಿಡಿತ ಇಳಿದಿಲ್ಲ. ನನ್ನ ಕಿರುಬೆರಳು ಲಟಕ್ಕೆಂದಿತು.

"ಬಿಡೋ ಭೀಮಾ," ಎಂದೆ.

ತಕ್ಷಣ ಬಿಟ್ಟ.